ಓಡಿಹೋದವನು ಮನೆಯಲ್ಲಿ, ನಡೆದುಹೋದವನು ಸೆರೆಯಲ್ಲಿ

ರಾಜ್ಯ ಸೆನೆಟ್ಟಿನ ನ್ಯಾಯ ಸಮಿತಿಯ ಅಧ್ಯಕ್ಷರಿಗೆ

ಮಾನ್ಯರೇ,

ಯಾರಿಗೆ ಕಾಗದ ಬರೆದರೂ ಮೊದಲು ಮನೆಮಂದಿಯ ಆರೋಗ್ಯವನ್ನು ಹೆಸರು ಹಿಡಿದು ವಿಚಾರಿಸುವುದು ನನ್ನ ಪದ್ಧತಿ. ನಿಮ್ಮ ಮನೆಯವರ ಹೆಸರುಗಳು ನನಗೆ ತಿಳಿಯದು. ಆದರೆ ನಮ್ಮವರು ಅನೇಕರು ಬಹುಕಾಲದಿಂದ ನಿಮ್ಮ ಆಶ್ರಯದಲ್ಲಿದ್ದಾರೆ. ನದಿಯಾಚೆ ಹತ್ತಿ ಹೊಲಗಳ ನಡುವೆ ರಾಜ್ಯವು ಕಟ್ಟಿಸಿರುವ ಆ ದೊಡ್ಡ ಮನೆಯಲ್ಲಿ ನಿಮ್ಮ ಊಟ ಉಂಡು, ನೀವು ಕೊಟ್ಟ ಪಟ್ಟೆ ಷರಾಯಿ ತೊಟ್ಟು ಬದುಕಿದ್ದಾರೆ. ಹಾಗಾಗಿ ಅವರನ್ನೇ ವಿಚಾರಿಸುತ್ತೇನೆ. ಲೂಥರ್ ಬ್ರಾಕ್ಸ್‌ಟನ್‌ನ ಮಂಡಿ ಹೇಗಿದೆ? ಮೇಲಿನ ಮಂಚ ಹತ್ತಲಾರೆ ಎಂದು ಕಳೆದ ಚಳಿಗಾಲದಿಂದ ನೆಲದ ಮೇಲೇ ಮಲಗುತ್ತಿದ್ದನಂತೆ. ಜೂನಿಯಸ್ ಪೆಟಿಯ ಎಡಗಣ್ಣು ಪೂರ್ತಿ ಹೋಯಿತೇ, ಇಲ್ಲಾ ಇನ್ನೂ ಸ್ವಲ್ಪ ಬೆಳಕು ಕಾಣುತ್ತಿದೆಯೇ? ಕ್ಲೀಟಸ್ ಮೇಬ್ರಿಗೆ ತಾನು ಎಲ್ಲಿದ್ದೇನೆ ಎಂಬುದು ಈಗಲಾದರೂ ನೆನಪಿಗೆ ಬಂತೇ? ನೋಡಲು ಹೋದವರನ್ನೆಲ್ಲ ‘ಹತ್ತಿ ಬಿಡಿಸಿ ಆಯ್ತಾ?’ ಎಂದು ಕೇಳುತ್ತಾನೆ, ಪಾಪ. ಮತ್ತೆ ನನ್ನ ತಮ್ಮ ಹೋಲಿಸ್ ಟಾಲ್ಬರ್ಟ್ ಹೇಗಿದ್ದಾನೆ? ಅವನ ಮೂತ್ರಪಿಂಡ ಎರಡೂ ಕೈಬಿಟ್ಟಿವೆ ಎಂದು ನಿಮ್ಮ ವೈದ್ಯರೇ ಹೇಳಿದರು. ಇವರೆಲ್ಲರ ಯೋಗಕ್ಷೇಮಕ್ಕೆ ನೀವೇ ಯಜಮಾನರು. ನಿಮ್ಮನ್ನಲ್ಲದೆ ಇನ್ನಾರನ್ನು ಕೇಳಲಿ?

ನನ್ನ ದೂರನ್ನು ಸುತ್ತಿಬಳಸದೆ ಹೇಳಿಬಿಡುತ್ತೇನೆ. ಒಂದೇ ಸಂಜೆ, ಒಂದೇ ಅಂಗಡಿಯಲ್ಲಿ, ಒಂದೇ ಅಪರಾಧವನ್ನು ಇಬ್ಬರು ಸೇರಿ ಮಾಡಿದರು. ಒಬ್ಬ ಮರುದಿನವೇ ತಾನಾಗಿ ನಡೆದುಹೋಗಿ ಶೆರೀಫನ ಎದುರು ನಿಂತ. ಇನ್ನೊಬ್ಬ ಓಡಿಹೋಗಿ ಸುಮಾರು ಇಪ್ಪತ್ತು ವರ್ಷ ತಲೆಮರೆಸಿಕೊಂಡ. ಓಡಿಹೋದವನು ಇವತ್ತು ನಮ್ಮ ಹಿಂದಿನ ಬೀದಿಯಲ್ಲಿ ಡ್ರಮ್ಮಿನ ಒಲೆಯಲ್ಲಿ ಹಂದಿಯ ಪಕ್ಕೆಲುಬು ಸುಟ್ಟು ಮಾರುತ್ತಿದ್ದಾನೆ. ನಡೆದುಹೋದವನು ನನ್ನ ತಮ್ಮ. ಅವನು ನಿಮ್ಮಲ್ಲಿದ್ದಾನೆ, ಸಾಯುತ್ತಿದ್ದಾನೆ. ಈ ವ್ಯತ್ಯಾಸವನ್ನು ಮಾಡಿದ್ದು ನ್ಯಾಯಾಧೀಶರಲ್ಲ, ದೇವರೂ ಅಲ್ಲ. ನೀವು ಶಾಸನ ಸಭೆಯವರು ಶಿಕ್ಷೆಯ ಕಾನೂನನ್ನು ಒಮ್ಮೆ ಬಿಗಿ ಮಾಡಿದಿರಿ, ಒಮ್ಮೆ ಸಡಿಲಿಸಿದಿರಿ. ಸಡಿಲಿಸುವಾಗ, ಮೊದಲೇ ಒಳಗೆ ಹೋದವರನ್ನು ಮರೆತಿರಿ. ಅದನ್ನು ಸರಿಪಡಿಸುವ ಮಸೂದೆ ಕೆಳಮನೆಯಲ್ಲಿ ಒಪ್ಪಿಗೆಯಾಗಿ ನಿಮ್ಮ ಮೇಜಿನ ಮೇಲೆ ಬಂದು ಕೂತಿದೆ. ಬರುವ ಮಂಗಳವಾರದೊಳಗೆ ನೀವು ಅದನ್ನು ಸಮಿತಿಯ ಮುಂದೆ ಇಡದಿದ್ದರೆ ಅದು ತಾನಾಗಿ ಸಾಯುತ್ತದೆ. ಅದರ ಹಿಂದೆಯೇ ನನ್ನ ತಮ್ಮನೂ.

ನಾನು ಹೆಚ್ಚು ಓದಿದವಳಲ್ಲ. ಆರನೆಯ ತರಗತಿಗೆ ಶಾಲೆ ಬಿಟ್ಟು ಹೊಲಕ್ಕೆ ಹೋದೆ. ಅಕ್ಷರ ಕೂಡಿಸಲು ಕಲಿತದ್ದು ಚರ್ಚಿನ ಹಾಡಿನ ಪುಸ್ತಕದಿಂದ, ಆಮೇಲೆ ಉತ್ತರಕ್ಕೆ ವಲಸೆ ಹೋದ ನೆಂಟರ ಕಾಗದಗಳಿಂದ. ಆದ್ದರಿಂದ ನನ್ನ ಮಾತಿನಲ್ಲಿ ವಕೀಲರ ನಯ ಇರದಿದ್ದರೆ ಸಹಿಸಿಕೊಳ್ಳಿ.

ತೊಂಬತ್ತಾರನೆಯ ಇಸವಿಯ ವಸಂತಕಾಲ. ನೀವು ಆಗಿನ್ನೂ ಸೆನೆಟ್ಟಿಗೆ ಬಂದಿರಲಿಲ್ಲ. ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿನಲ್ಲಿ ಹೊಸ ಯಂತ್ರ ಬಂದು ಹೋಲಿಸ್‌ಗೂ ನಮ್ಮ ಚಿಕ್ಕಪ್ಪನ ಮಗ ಡೆಲ್ಮರ್‌ಗೂ ಕೆಲಸ ಹೋಗಿತ್ತು. ಇಬ್ಬರೂ ಮಧ್ಯಾಹ್ನದಿಂದ ಕುಡಿದರು. ಸಂಜೆ ಹೊತ್ತಿಗೆ ಅವರ ತಲೆಗೆ ಒಂದು ಬುದ್ಧಿ ಬಂತು. ತಾತನ ಕಾಲದ, ಅಳಿಲು ಹೊಡೆಯುವ ಕೋವಿಯನ್ನು ಎತ್ತಿಕೊಂಡು, ಹೆಂಗಸರ ಕಾಲುಚೀಲವನ್ನು ಮುಖಕ್ಕೆ ಎಳೆದುಕೊಂಡು ಮಿಸ್ ಪಾಲಿನ್ ಜೋ ಅವರ ದಿನಸಿ ಅಂಗಡಿಗೆ ನುಗ್ಗಿದರು. ಕೋವಿಯಲ್ಲಿ ತೋಟಾ ಇರಲಿಲ್ಲ. ಆದರೆ ಅದು ಮಿಸ್ ಪಾಲಿನ್‌ಗೆ ಹೇಗೆ ಗೊತ್ತಾಗಬೇಕು? ಆ ಹೆಂಗಸು, ಅವರಪ್ಪ, ಅವರಜ್ಜ ಮೂರು ತಲೆಮಾರು ನಮ್ಮ ರಸ್ತೆ ಕೂಡುವಲ್ಲಿ ಅಂಗಡಿ ಇಟ್ಟವರು. ನಮ್ಮವರಿಗೆ ಬಿಳಿಯರ ಅಂಗಡಿಯಲ್ಲಿ ಸಾಲ ಹುಟ್ಟದ ಕಾಲದಲ್ಲಿ ಜೋಳದ ಹಿಟ್ಟು ಕೊಟ್ಟು ಕಾಪಾಡಿದ ಚೀನೀ ಮನೆತನ ಅದು.

ಆ ಸಂಜೆಯ ಬಗ್ಗೆ ಮಿಸ್ ಪಾಲಿನ್ ಅವರೇ ಹೇಳುವುದನ್ನು ಕೇಳಿ:

“ಬಾಗಿಲಲ್ಲಿ ನಿಂತ ತಕ್ಷಣ ಗೊತ್ತಾಯ್ತು ಯಾರು ಅಂತ. ಚಿಕ್ಕ ಮಕ್ಕಳಾಗಿದ್ದಾಗಿಂದ ನನ್ನ ಗಲ್ಲಾಪೆಟ್ಟಿಗೆ ಮುಂದೆ ನಿಂತು ಮಿಠಾಯಿ ತಿಂದ ಹೈಕಳು. ‘ಹೋಲಿಸ್, ಅದು ನಿಮ್ಮಜ್ಜನ ಕೋವಿ ಅಲ್ವೇನೋ?’ ಅಂದೆ. ‘ಹೌದು ಮಿಸ್ ಪಾಲಿನ್’ ಅಂದ! ಆ ಡೆಲ್ಮರ್ ಅವನ ತಲೆಗೆ ಮೊಟಕಿ ‘ಥೂ, ಬಾಯ್ಮುಚ್ಚೋ’ ಅಂದ. ಆದ್ರೂ ಗಲ್ಲಾಪೆಟ್ಟಿಗೇಲಿದ್ದದ್ದನ್ನ ಬಾಚ್ಕೊಂಡೇ ಹೋದ್ರು. ನಗು ಬರುತ್ತೆ ಈಗ. ಆವತ್ತು ಬರಲಿಲ್ಲ. ಕತ್ತಲಾದ ಮೇಲೆ ಅಂಗಡಿ ತೆಗೆಯೋದನ್ನೇ ಬಿಟ್ಟೆ.”

ಇದನ್ನು ಮುಚ್ಚಿಡುವುದು ನನ್ನ ಉದ್ದೇಶವಲ್ಲ. ಅಪರಾಧ ಅಪರಾಧವೇ. ನನ್ನ ತಮ್ಮ ಶಿಕ್ಷೆಗೆ ತಕ್ಕವನಾಗಿದ್ದ. ಅವನೂ ಅದನ್ನು ಅಲ್ಲಗಳೆಯಲಿಲ್ಲ.

ಆ ರಾತ್ರಿ ನಮ್ಮಪ್ಪ, ಚರ್ಚಿನ ಹಿರಿಯರಾಗಿದ್ದ ಡೀಕನ್ ಈಸಮ್ ಟಾಲ್ಬರ್ಟ್, ಅಡುಗೆಮನೆಯಲ್ಲಿ ಕೂತಿದ್ದರು. ಹೋಲಿಸ್ ಎದುರಿಗೆ ನಿಂತು ಅಳುತ್ತಿದ್ದ. ಡೆಲ್ಮರ್ ಹಿತ್ತಲ ಬಾಗಿಲಿಂದ ತಲೆ ಹಾಕಿದ.

“ದೊಡ್ಡಪ್ಪ, ಕಾರಿಗೆ ಪೆಟ್ರೋಲ್ ಹಾಕ್ಸಿದೀನಿ. ಬೆಳಗಾಗೋದ್ರಲ್ಲಿ ಮೆಂಫಿಸ್ ದಾಟಿರ್ತೀವಿ. ಇವನನ್ನ ಕಳಿಸಿ.”

ಅಪ್ಪ ತಿರುಗಿಯೂ ನೋಡಲಿಲ್ಲ. “ನಾಳೆ ಬೆಳಗ್ಗೆ ಸೂರ್ಯ ಚೆನ್ನಾಗಿ ಮೇಲೆ ಬಂದ್ಮೇಲೆ ಚರ್ಚಿನವರೆಲ್ಲ ಸೇರಿ ಇವನನ್ನ ನಡೆಸ್ಕೊಂಡು ಹೋಗ್ತೀವಿ. ನೀನೂ ಬಾ.”

“ದೊಡ್ಡಪ್ಪ, ಅದೆಲ್ಲ ನಿಮ್ಮ ಕಾಲದಲ್ಲಿ.”

“ನನ್ನ ಕಾಲ ಇನ್ನೂ ಮುಗಿದಿಲ್ಲ ಕಣೋ. ಬರ್ತೀಯೋ ಇಲ್ವೋ?”

ಡೆಲ್ಮರ್ ಬರಲಿಲ್ಲ.

ಅಧ್ಯಕ್ಷರೇ, ಈ ನಡಿಗೆಯ ವಿಷಯ ನಿಮಗೆ ತಿಳಿದಿರಲಾರದು; ನಿಮ್ಮ ಕಡೆಯವರಿಗೆ ಅದರ ಅಗತ್ಯ ಎಂದೂ ಬೀಳಲಿಲ್ಲ. ನಮ್ಮ ತಾತಂದಿರ ಕಾಲದಲ್ಲಿ ಕರಿಯನೊಬ್ಬನನ್ನು ಹಿಡಿಯಲು ಶೆರೀಫ್ ಕತ್ತಲಲ್ಲಿ ಬಂದರೆ, ಹಿಡಿಸಿಕೊಂಡವನು ಜೈಲು ಮುಟ್ಟುತ್ತಾನೆ ಎಂಬ ಭರವಸೆ ಇರಲಿಲ್ಲ. ನಡುವೆ ಸೇತುವೆ ಇತ್ತು. ಮರಗಳಿದ್ದವು. ಹಗ್ಗಗಳಿದ್ದವು. ಅದಕ್ಕೇ ನಮ್ಮ ಚರ್ಚಿನ ಹಿರಿಯರು ಈ ಪದ್ಧತಿ ಮಾಡಿದರು: ನಮ್ಮವರಲ್ಲಿ ಯಾರಾದರೂ ತಪ್ಪು ಮಾಡಿದ್ದರೆ, ಹಾಡುಹಗಲಲ್ಲಿ, ಭಾನುವಾರದ ಬಟ್ಟೆ ಉಟ್ಟು, ಹೆಂಗಸರು ಟೋಪಿ ಧರಿಸಿ, ಎಲ್ಲರೂ ಸೇರಿ ಅವನನ್ನು ನಡುವೆ ಇಟ್ಟುಕೊಂಡು ಕೋರ್ಟಿನ ಮೆಟ್ಟಿಲವರೆಗೆ ನಡೆಯಬೇಕು. ಇಷ್ಟು ಕಣ್ಣುಗಳ ಎದುರು ಒಪ್ಪಿಸಿದವನನ್ನು ದಾರಿಯಲ್ಲಿ ಕಳೆದುಬಿಟ್ಟೆ ಎನ್ನಲು ಯಾವ ಶೆರೀಫನಿಗೂ ಆಗದು. ಅದು ಜೀವ ಉಳಿಸುವ ಉಪಾಯವಾಗಿ ಹುಟ್ಟಿತು. ಬರುಬರುತ್ತಾ ಅದಕ್ಕೆ ಇನ್ನೊಂದು ಬೆಲೆಯೂ ಬಂತು. ತಾನಾಗಿ ಬಂದವನು, ಊರೇ ಹಿಂದೆ ನಿಂತವನು ಎಂದು ನ್ಯಾಯಾಧೀಶರು ಒಂದೆರಡು ವರ್ಷ ಕಡಿಮೆ ಮಾಡುತ್ತಿದ್ದರು. ಮುಂದೆ ಷರತ್ತಿನ ಬಿಡುಗಡೆಯ ಮಂಡಳಿಯವರೂ ಅದನ್ನು ಗಮನಿಸುತ್ತಿದ್ದರು. ನಡೆದುಹೋದ ನಮ್ಮವರು ಒಳ್ಳೆಯ ನಡತೆಯಿಂದಿದ್ದು, ಶಿಕ್ಷೆಯ ಮೂರರಲ್ಲಿ ಒಂದು ಪಾಲು ಮುಗಿಯುವಷ್ಟರಲ್ಲಿ ಮನೆಗೆ ಬಂದು, ಮದುವೆಯಾಗಿ ಮಕ್ಕಳನ್ನು ಸಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹೋಲಿಸ್‌ನನ್ನೂ ಹಾಗೆಯೇ ನಡೆಸಿಕೊಂಡು ಹೋದೆವು. ಅಪ್ಪ ಅವನ ಬಲಗೈ ಹಿಡಿದಿದ್ದರು, ಎಡಗೈಯನ್ನು ನಾನು. ದಾರಿಯಲ್ಲಿ ಮಿಸ್ ಪಾಲಿನ್ ಅವರ ಅಂಗಡಿ ಸಿಕ್ಕಿತು. ಅವನ ಪಾಲಿಗೆ ಬಂದದ್ದನ್ನು ಅಪ್ಪ ಅಲ್ಲೇ ಗಲ್ಲಾಪೆಟ್ಟಿಗೆಯ ಮೇಲೆ ಇಡಿಸಿದರು. ಮಿಸ್ ಪಾಲಿನ್ ಅಂಗಡಿಗೆ ಬೀಗ ಹಾಕಿ ಮೆರವಣಿಗೆಯ ಕೊನೆಯಲ್ಲಿ ತಾವೂ ನಡೆದರು. ಇಂಥದ್ದನ್ನು ನೀವು ಎಲ್ಲಾದರೂ ಕೇಳಿದ್ದೀರಾ?

ನಮ್ಮಪ್ಪನಿಗೆ ತಿಳಿಯದ ಸಂಗತಿ ಒಂದೇ. ಹಿಂದಿನ ವರ್ಷವಷ್ಟೇ ನಿಮ್ಮ ಸಭೆ ಹೊಸ ಕಾನೂನು ಮಾಡಿತ್ತು. ಆಯುಧ ತೋರಿಸಿ ದರೋಡೆ ಮಾಡಿದವನಿಗೆ ಇಂತಿಷ್ಟೇ ಎಂದು ಗೊತ್ತು ಮಾಡಿದ ಶಿಕ್ಷೆ. ಷರತ್ತಿನ ಬಿಡುಗಡೆ ಇಲ್ಲ. ಕೊನೆಯ ದಿನದವರೆಗೆ ಒಳಗೆ. ಚುನಾವಣೆಯ ವರ್ಷ ಅದು. ಟಿವಿಯಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ಮೀರಿಸಿ ಕಠಿಣರಾಗುತ್ತಿದ್ದರು. ಮೀನಿನ ಕಾರ್ಖಾನೆಯಲ್ಲಿ ಕ್ಯಾಟ್‌ಫಿಶ್ ಸುಲಿಯುತ್ತಿದ್ದ ನಮಗೆ ಅದು ಯಾರೋ ದೂರದವರ ಜಗಳದಂತೆ ಕೇಳಿಸಿತ್ತು. ಕೋರ್ಟಿನಲ್ಲಿ ಶಿಕ್ಷೆ ಓದುವ ಮುನ್ನ ಅಪ್ಪ ಎದ್ದು ನಿಂತರು.

“ಸ್ವಾಮಿ, ಇವನನ್ನ ನಾವೇ ನಡೆಸ್ಕೊಂಡು ಬಂದ್ವಿ.”

ನ್ಯಾಯಾಧೀಶರು ಕನ್ನಡಕ ತೆಗೆದರು. ಒಳ್ಳೆಯ ಮನುಷ್ಯ ಆತ. “ನನಗೆ ಗೊತ್ತು ಡೀಕನ್. ಕಿಟಕಿಯಿಂದ ನೋಡಿದೆ. ಆದ್ರೆ ಅದನ್ನ ಗಣನೆಗೆ ತಗೊಳ್ಳೋ ಅಧಿಕಾರಾನೇ ನನ್ನ ಕೈಯಿಂದ ಕಿತ್ಕೊಂಡಿದಾರೆ.”

ನಲವತ್ತು ವರ್ಷ, ಎಂದರು. ಮೂವತ್ತೊಂದರ ವಯಸ್ಸಿನವನಿಗೆ, ತೋಟಾ ಇಲ್ಲದ ಕೋವಿಗೆ. ಅಪ್ಪ ಮುಂದಿನ ಭಾನುವಾರ ಚರ್ಚಿನ ಹಿರಿತನಕ್ಕೆ ರಾಜೀನಾಮೆ ಕೊಟ್ಟರು. ಆಮೇಲೆ ನಮ್ಮ ಊರಿನಲ್ಲಿ ಯಾರನ್ನೂ ಯಾರೂ ನಡೆಸಿಕೊಂಡು ಹೋಗಲಿಲ್ಲ. ನಿಮ್ಮ ಕಾನೂನು ಅಪರಾಧಗಳನ್ನು ಎಷ್ಟು ನಿಲ್ಲಿಸಿತೋ ಬಲ್ಲವರು ಹೇಳಲಿ. ಹಗ್ಗ ಹಿಡಿದವರಿಂದಲೂ ನಿಲ್ಲಿಸಲಾಗದಿದ್ದ ಒಂದು ಪದ್ಧತಿಯನ್ನಂತೂ ಅದು ನಿಲ್ಲಿಸಿತು.

ಮುಂದೇನಾಯಿತು ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಒಳಗೆ ಹೋಗುವವರು ಹೋಗುತ್ತಲೇ ಇದ್ದರು, ಹೊರಬರುವವರು ನಿಂತುಹೋದರು. ಆಟದ ಅಂಗಳದಲ್ಲಿ ಮಂಚ ಹಾಕಿದರು. ಮಂಚದ ಮೇಲೆ ಮಂಚ, ಅದರ ಮೇಲೆ ಇನ್ನೊಂದು. ಹತ್ತಿ ಬೆಳೆಯುತ್ತಿದ್ದ ನೆಲದಲ್ಲಿ ಹೊಸ ಸೆರೆಮನೆ ಕಟ್ಟಿ ಮುಗಿಸುವುದರೊಳಗೆ ಅದೂ ತುಂಬಿತು. ಜನಸಂಖ್ಯೆ ದುಪ್ಪಟ್ಟಾಯಿತು ಎಂದು ಪತ್ರಿಕೆಯಲ್ಲಿ ಬಂತು. ನಮ್ಮ ಊರು ಅಷ್ಟೇ ಖಾಲಿಯಾಯಿತು ಎಂದು ಯಾವ ಪತ್ರಿಕೆಯೂ ಬರೆಯಲಿಲ್ಲ. ಕೊನೆಗೆ ನಿಮ್ಮ ಬೊಕ್ಕಸಕ್ಕೆ ಭಾರವಾದಾಗ ನಿಮ್ಮವರಿಗೇ ಕರುಣೆ ಹುಟ್ಟಿತು. ಹದಿನೆಂಟು ವರ್ಷಗಳ ನಂತರ ಹೊಸ ಕಾನೂನು ಬಂತು: ಯಾರೂ ಗಾಯಗೊಂಡಿರದ ಪ್ರಕರಣಗಳಲ್ಲಿ ಶಿಕ್ಷೆಯ ಕಾಲು ಪಾಲು ಕಳೆದವನು ಬಿಡುಗಡೆಗೆ ಅರ್ಜಿ ಹಾಕಬಹುದು. ಎಷ್ಟು ಒಳ್ಳೆಯದು! ಚರ್ಚಿನಲ್ಲಿ ನಾವು ಎದ್ದು ನಿಂತು ಹಾಡಿದೆವು. ಆಮೇಲೆ ಯಾರೋ ಕೊನೆಯ ಸಾಲನ್ನು ಓದಿ ಹೇಳಿದರು. ಈ ದಿನಾಂಕದ ನಂತರ ಶಿಕ್ಷೆ ಘೋಷಣೆಯಾದವರಿಗೆ ಮಾತ್ರ.

ಈಗ ಡೆಲ್ಮರ್‌ನ ಭಾಗ್ಯ ನೋಡಿ. ಡೆಟ್ರಾಯಿಟ್‌ನಲ್ಲಿ ಬೇರೆ ಹೆಸರಿಟ್ಟುಕೊಂಡು ಟೈರ್ ಅಂಗಡಿಯಲ್ಲಿ ಕೆಲಸ ಮಾಡಿ, ಮದುವೆಯಾಗಿ ಸುಖವಾಗಿದ್ದವನು ಕಾರಿನ ಹಿಂದಿನ ದೀಪ ಒಡೆದದ್ದಕ್ಕೆ ಪೊಲೀಸರ ಕೈಗೆ ಸಿಕ್ಕಿದ. ಹೊಸ ಕಾನೂನು ಬಂದ ಮರುವರ್ಷ! ಅವನ ವಕೀಲ ಬೆನ್ನು ತಟ್ಟಿ ಹೇಳಿದನಂತೆ: “ನೀನು ತಡವಾಗಿ ಸಿಕ್ಕಿದ್ದೇ ನಿನ್ನ ಪುಣ್ಯ ಮಾರಾಯ.” ಇಪ್ಪತ್ತು ವರ್ಷದ ಶಿಕ್ಷೆ, ಐದು ವರ್ಷಕ್ಕೆ ಬಿಡುಗಡೆ. ಅದೇ ಅಂಗಡಿ, ಅದೇ ಕೋವಿ, ಅದೇ ಕಾಲುಚೀಲ. ಅವನು ಮನೆಗೆ ಬಂದ ದಿನ ನಾನೇ ಅವನಿಗೆ ಅಡುಗೆ ಮಾಡಿ ಬಡಿಸಿದೆ. ಚಿಕ್ಕಪ್ಪನ ಮಗ, ಹೊರಗೆ ಹಾಕಲು ಆಗುತ್ತದೆಯೇ? ಅವನು ತಟ್ಟೆ ಮುಟ್ಟಲಿಲ್ಲ.

ಈಗ ಭೇಟಿಯ ಶನಿವಾರಗಳಲ್ಲಿ ನನ್ನನ್ನು ಸೆರೆಮನೆಗೆ ಕರೆದೊಯ್ಯುವವನು ಅವನೇ. ಷರತ್ತಿನ ಮೇಲೆ ಬಿಡುಗಡೆಯಾದವನಾದ್ದರಿಂದ ಅವನಿಗೆ ಒಳಗೆ ಪ್ರವೇಶವಿಲ್ಲ. ಗೇಟಿನ ಎದುರಿನ ಪೆಟ್ರೋಲ್ ಬಂಕಿನಲ್ಲಿ ಟ್ರಕ್ ನಿಲ್ಲಿಸಿ ಕಾಯುತ್ತಾನೆ. ಕಳೆದ ಶನಿವಾರ ದಾರಿಯಲ್ಲಿ ಎಂದಿನಂತೆ ಶುರು ಮಾಡಿದ.

“ಅಕ್ಕ, ನಾನು ಹೊರಗಡೇನೇ ಇದೀನಿ ಅಂತ ಅವನಿಗೆ ಹೇಳು.”

“ನೀನು ಹೊರಗಿರೋದು ಅವನಿಗೆ ಗೊತ್ತಿಲ್ವೇನೋ? ಅದೇ ಅಲ್ವಾ ಕಥೆ.”

ಟ್ರಕ್ಕಿನ ಗೇರ್ ಬದಲಿಸಿದ. ಆಮೇಲೆ, “ಬೈಯೋದಾದ್ರೆ ಮುಖ ನೋಡಿ ಬೈ ಅಕ್ಕ. ಕಿಟಕಿ ಕಡೆ ತಿರುಗ್ಕೊಂಡು ಬೈಬೇಡ.”

“ಬೈದ್ರೆ ಏನ್ ಬಂತು? ನಿನ್ನನ್ನ ಒಳಗೆ ಹಾಕಿ ಅವನನ್ನ ಹೊರಗೆ ಬಿಡ್ತಾರಾ?”

“ಬಿಡೋದಾದ್ರೆ ಇವತ್ತೇ ಹೋಗ್ತೀನಿ,” ಎಂದ. ತಮಾಷೆಗೆ ಹೇಳಿದ್ದಲ್ಲ ಅದು. ಅಧ್ಯಕ್ಷರೇ, ಇದಕ್ಕೆ ನಿಮ್ಮ ಕಾನೂನಿನಲ್ಲಿ ಅವಕಾಶವಿದೆಯೇ ಎಂದು ನಿಮ್ಮನ್ನು ವಿಚಾರಿಸಲು ನನಗೆ ಹೇಳಿದ್ದಾನೆ. ವಿಚಾರಿಸಿಬಿಟ್ಟಿದ್ದೇನೆ.

ಒಳಗೆ ಹೋಲಿಸ್ ಗಾಲಿಕುರ್ಚಿಯಲ್ಲಿ ಬಂದ. ಅವನನ್ನು ತಳ್ಳಿಕೊಂಡು ಬಂದವನೂ ಕೈದಿಯೇ, ಅವನಿಗೂ ನಡು ಬಗ್ಗಿದೆ. ವಾರಕ್ಕೆ ಮೂರು ಸಲ ತಮ್ಮನ ರಕ್ತವನ್ನು ಯಂತ್ರಕ್ಕೆ ಹಾಯಿಸಿ ಶುದ್ಧಿ ಮಾಡುತ್ತಾರೆ. ಸೂಜಿ ಚುಚ್ಚುವ ಎಡಗೈ ಬಾತು ಹಗ್ಗದ ಸುರುಳಿಯಂತಾಗಿದೆ. ಮುಖದ ಬಣ್ಣ ಬೂದಿಗೆ ತಿರುಗಿದೆ. ಆದರೂ ನನ್ನನ್ನು ನೋಡಿದೊಡನೆ ಹಲ್ಲು ಕಿರಿದ.

“ಡೆಲ್ಮರ್ ಬಂದಿದಾನಾ?”

“ಬಂಕಲ್ಲಿ ಕೂತಿದಾನೆ. ಬೇಯ್ಸಿದ ಕಡ್ಲೆಕಾಯಿ ತಿಂತಿದಾನೆ.”

“ಓಡೋದ್ರಲ್ಲಿ ಯಾವತ್ತೂ ಅವನೇ ಫಸ್ಟು ಕಣಕ್ಕ. ಶಾಲೇಲೂ ಹಂಗೇ. ನಾನು ಶೂಸ್ ಕಟ್ಕೊಳ್ಳೋದ್ರೊಳಗೆ ಅವನು ಗೆರೆ ದಾಟಿರ್ತಿದ್ದ.” ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಕೇಳಿದ, “ಮಸೂದೆ ಏನಾಯ್ತು?”

“ಅಧ್ಯಕ್ಷರ ಮೇಜಿನ ಮೇಲಿದೆ.”

“ಮೂರು ತಿಂಗಳಿಂದ ಅಲ್ಲೇ ಇದೆ ಅಂತೀಯ. ಎಷ್ಟು ದೊಡ್ಡದಿದೆಯಕ್ಕ ಆ ಮೇಜು?”

ಆ ಮೇಜನ್ನು ನಾನು ಕಂಡಿಲ್ಲ. ನೀವಾದರೂ ಹೇಳಿ.

ಹೊರಡುವಾಗ ಅವನನ್ನು ಒಂದು ಮಾತು ಕೇಳಿದೆ. ಈವರೆಗೆ ಕೇಳುವ ಧೈರ್ಯ ಬಂದಿರಲಿಲ್ಲ. ಈಗ ಹೊತ್ತು ಹೆಚ್ಚಿಲ್ಲವೆಂದು ಕೇಳಿಬಿಟ್ಟೆ. “ಆವತ್ತು ಡೆಲ್ಮರ್ ಜೊತೆ ಹೋಗಿದ್ರೆ ಚೆನ್ನಾಗಿತ್ತು ಅನ್ಸುತ್ತಾ ಹೋಲಿಸ್?”

ಅವನು ಬಾತ ಕೈಯನ್ನು ಸವರುತ್ತಾ ಕೂತ. “ಅಪ್ಪ ಇದ್ದಾಗ ಇಲ್ಲ ಅಂತಿದ್ದೆ. ಅಪ್ಪನ್ನ ಸುಳ್ಳು ಮಾಡ್ಬಾರ್ದು ಅಂತ. ಈಗ ನನ್ನನ್ನ ಕೇಳಬೇಡ ಅಕ್ಕ,” ಎಂದ.

ಮಾನ್ಯರೇ, ನನ್ನ ತಮ್ಮನ ದೇಹವನ್ನು ನೀವು ತೆಗೆದುಕೊಂಡದ್ದಕ್ಕೆ ನಾನು ಇಷ್ಟು ವರ್ಷ ಸಿಟ್ಟಾಗಿದ್ದೆ. ಆ ಶನಿವಾರ ನನಗೆ ಸಿಟ್ಟು ಬರಲಿಲ್ಲ, ನಡೆದುಹೋದದ್ದೇ ಸರಿ ಎಂಬ ಅವನ ನಂಬಿಕೆಯನ್ನೂ ತೆಗೆದುಕೊಂಡಿರೇನೋ ಎಂದು ಭಯವಾಯಿತು.

ನಿಮ್ಮ ವಾದವನ್ನೂ ನಾನು ಓದಿದ್ದೇನೆ. ಕಾನೂನು ಹಿಂದಕ್ಕೆ ನೋಡಬಾರದು ಎಂದು ಪತ್ರಿಕೆಯವರಿಗೆ ಹೇಳಿದಿರಿ. ಬಹಳ ಗಂಭೀರವಾದ ಮಾತು. ಹಿಂದಕ್ಕೆ ನೋಡಲಾರದ ಆ ಕಾನೂನಿಗೆ ತೊಂಬತ್ತಾರರ ಆ ಒಂದು ಸಂಜೆ ಮಾತ್ರ ಇಷ್ಟು ಸ್ಪಷ್ಟವಾಗಿ ಹೇಗೆ ಕಾಣುತ್ತದೆ? ಮರುದಿನದ ಬೆಳಗು ಏಕೆ ಕಾಣುವುದಿಲ್ಲ? ಅದೂ ಹಿಂದೆಯೇ ಇದೆಯಲ್ಲ, ಒಂದು ರಾತ್ರಿಯ ದೂರದಲ್ಲಿ?

ಸೆರೆಮನೆಯ ಜನಸಂಖ್ಯೆ ಇಳಿಯುತ್ತಿದೆ, ಸುಧಾರಣೆ ಫಲ ಕೊಟ್ಟಿದೆ ಎಂದು ಬೇಸಿಗೆಯ ಸಭೆಯಲ್ಲಿ ಹೆಮ್ಮೆಪಟ್ಟಿರಿ. ಸಂಖ್ಯೆ ಇಳಿದಿರಬಹುದು. ನಾನು ಮೀನಿನ ಕಾರ್ಖಾನೆಯಲ್ಲಿ ದುಡಿದವಳು, ಕೊಳದ ವಿಷಯ ನನಗೆ ಗೊತ್ತು. ಮರಿ ಬಿಡುವುದನ್ನು ಕಡಿಮೆ ಮಾಡಿ ವರ್ಷವರ್ಷವೂ ಬಲೆ ಎಳೆದರೆ ಮೀನು ಕಡಿಮೆಯಾಗುತ್ತದೆ, ನಿಜ. ಆದರೆ ಬಲೆಗೆ ಸಿಗದೆ ತಳದ ಕೆಸರಿನಲ್ಲಿ ಉಳಿಯುವ ಹಳೆಯ ಮೀನುಗಳಿರುತ್ತವೆ. ವರ್ಷ ಕಳೆದಂತೆ ಕೊಳದಲ್ಲಿ ಅವೇ ತುಂಬುತ್ತವೆ. ನಿಮ್ಮ ಸೆರೆಮನೆಗೆ ಒಮ್ಮೆ ಬಂದು ನೋಡಿ. ಮೆಟ್ಟಿಲುಗಳನ್ನು ಒಡೆದು ಇಳಿಜಾರು ಮಾಡುತ್ತಿದ್ದಾರೆ. ಊಟದ ಸಾಲಿನಲ್ಲಿ ಊರುಗೋಲುಗಳ ಸದ್ದು. ಕೈದಿಗಳಿಗೆ ಕೈದಿಗಳು ಡಯಾಪರ್ ಕಟ್ಟುತ್ತಾರೆ. ಹೊಸದಾಗಿ ಬಂದ ಯುವಕರು ನಾಲ್ಕೈದು ವರ್ಷಕ್ಕೆ ಹೊರಟುಹೋಗುತ್ತಾರೆ. ಅವರು ಹೋಗುವಾಗ ಬೀಳ್ಕೊಡಲು ಬಾಗಿಲ ತನಕ ಬರುವವರು ಇದೇ ಮುದುಕರು. ಅದೇ ತಪ್ಪಿಗೆ ಬಂದವರು, ಬೇಗ ಬಂದವರು. ಬೇಗ ಬಂದದ್ದೇ ಅವರ ತಪ್ಪು.

ನೊಂದವರ ಪರವಾಗಿ ಮಾತಾಡುತ್ತಿದ್ದೇನೆ ಎಂದೂ ನೀವು ಹೇಳಿದಿರಿ. ಅದನ್ನು ಓದಿ ಹೇಳಿದಾಗ ಮಿಸ್ ಪಾಲಿನ್‌ಗೆ ರೇಗಿಹೋಯಿತು. ಎಂಬತ್ತು ದಾಟಿದ ಹೆಂಗಸು.

“ನನ್ನ ಪರವಾಗಿ? ನನ್ನನ್ನ ಕೇಳಿದ್ರಾ ಅವರು? ಕೋವಿ ಹಿಡಿಸ್ಕೊಂಡವಳು ನಾನು, ಭಾಷಣ ಅವರದ್ದು! ನಡಿಯೇ ವರ್ಲೀನ್, ರಾಜಧಾನಿಗೆ ಹೋಗೋಣ. ಹಲ್ಲಿನ ಸೆಟ್ಟು ಸಡಿಲ ಆಗಿದೆ, ಆದ್ರೂ ಪರವಾಗಿಲ್ಲ. ಬಿದ್ರೆ ಅವರ ಮೇಜಿನ ಮೇಲೇ ಬೀಳ್ಲಿ.”

ಬಂದೆವು. ನಿಮ್ಮ ಕಚೇರಿಯ ಹೊರಗೆ ಮರದ ಬೆಂಚಿನ ಮೇಲೆ ಬೆಳಗಿನಿಂದ ಕೂತಿದ್ದೆವು. ಈ ಮಸೂದೆ ಇವತ್ತಿನ ಪಟ್ಟಿಯಲ್ಲಿಲ್ಲ ಎಂದು ಒಳಗಿನ ಹುಡುಗಿ ಬಹಳ ಮರ್ಯಾದೆಯಿಂದ ಹೇಳಿ ಇಬ್ಬರಿಗೂ ಪೆಪ್ಪರ್‌ಮಿಂಟ್ ಕೊಟ್ಟಳು. ಮಧ್ಯಾಹ್ನ ನೀವು ಊಟಕ್ಕೆ ಹೊರಟಿರಿ. ದಾರಿಯಲ್ಲಿ ನಿಂತ ಮಿಸ್ ಪಾಲಿನ್ ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿ, “ದೇವರು ಒಳ್ಳೇದು ಮಾಡ್ಲಿ ಅಮ್ಮ, ಬಂದದ್ದು ಬಹಳ ಸಂತೋಷ,” ಎಂದು ಹೇಳಿ ಹೋದಿರಿ. ಅವರು ಬಾಯಿ ತೆರೆಯುವಷ್ಟರಲ್ಲಿ ಲಿಫ್ಟಿನ ಬಾಗಿಲು ಮುಚ್ಚಿತ್ತು. ನೀವು ಯಾರ ಪರವಾಗಿ ಮಾತಾಡುತ್ತಿದ್ದೀರೋ ಆ ಹೆಂಗಸು ಅವರೇ, ಸ್ವಾಮಿ. ಅವರು ಹೇಳಲು ಬಂದದ್ದು ಇಷ್ಟೇ: ಹೋಲಿಸ್ ಮನೆಗೆ ಬರಲಿ, ಯಂತ್ರದ ಆಸ್ಪತ್ರೆಗೆ ವಾರಕ್ಕೆ ಮೂರು ಸಲ ನನ್ನ ಅಂಗಡಿಯ ವ್ಯಾನಿನಲ್ಲಿ ಅವನನ್ನು ಕಳಿಸಿಕೊಡುತ್ತೇನೆ.

ಇಷ್ಟರಲ್ಲೇ ಕಾಗದ ಮುಗಿಸಬೇಕೆಂದಿದ್ದೆ. ಆದರೆ ಹೋದ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಒಂದು ಸಂಗತಿ ನಡೆಯಿತು. ಅದನ್ನು ಹೇಳದಿದ್ದರೆ ನಾನು ಈ ಕಾಗದವನ್ನು ಯಾಕೆ ಬರೆದೆ ಎಂಬುದೇ ನಿಮಗೆ ತಿಳಿಯದು. ನಮ್ಮ ಚರ್ಚಿನ ಒಬ್ಬ ತಾಯಿ ನನ್ನನ್ನು ಗೋರಿಗಳ ಕಡೆ ಕರೆದುಕೊಂಡು ಹೋದಳು. ಅವಳ ಹೆಸರು ನಿಮಗೆ ಬೇಡ. ಬೆಳೆದು ಮಕ್ಕಳೊಂದಿಗನಾದ ಅವಳ ಮಗ ಏನೋ ಮಾಡಿಕೊಂಡು ಬಂದಿದ್ದಾನೆ. ಯಾರ ಮೈಗೂ ಪೆಟ್ಟಾಗಿಲ್ಲ. ಆದರೆ ಆದದ್ದು ಸಣ್ಣದಲ್ಲ. ಇನ್ನೂ ಯಾರಿಗೂ ಗೊತ್ತಿಲ್ಲ. ಅವನಿಗೆ ನಿದ್ದೆಯಿಲ್ಲ, ಹೋಗಿ ಒಪ್ಪಿಕೊಳ್ಳುತ್ತೇನೆ ಎನ್ನುತ್ತಾನಂತೆ.

“ಅಕ್ಕ, ನೀವೆಲ್ಲ ಹಿಂದೆ ನಡೆಸ್ಕೊಂಡು ಹೋಗ್ತಿದ್ರಲ್ಲ, ಹಂಗೆ ಇವನನ್ನೂ ನಡೆಸ್ಕೊಂಡು ಹೋಗೋಣ್ವಾ?” ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ, “ಇಲ್ಲಾ ಡೆಟ್ರಾಯಿಟ್ ಬಸ್ ಹತ್ತಿಸ್ಲಾ? ಈ ವರ್ಷ ಮತ್ತೆ ಬಿಗಿ ಮಾಡ್ತಾರಂತೆ ಅಂತಾರೆ ಕೆಲವರು. ಸಡಿಲ ಮಾಡ್ತಾರೆ ಅಂತಾರೆ ಇನ್ನು ಕೆಲವರು. ಕಾನೂನು ಯಾವ ಕಡೆ ತಿರುಗುತ್ತೆ ಅಂತ ನೋಡ್ಕೊಂಡು ಆಮೇಲೆ ನಿಜ ಹೇಳಿಸ್ಲಾ? ನಿನ್ನ ತಮ್ಮನ ಕಥೆ ನೋಡಿದೀನಿ ಅಕ್ಕ. ನೀನೇ ಹೇಳು.”

ನಾನು ಡೀಕನ್ ಈಸಮ್ ಟಾಲ್ಬರ್ಟ್‌ನ ಮಗಳು. ಸತ್ಯ ಹೇಳು, ಹಗಲಲ್ಲಿ ನಡೆ, ನಾವು ಹಿಂದೆ ಇರುತ್ತೇವೆ ಎಂದು ಹೇಳಬೇಕಾದವಳು. ಆದರೆ ಗಾಲಿಕುರ್ಚಿಯಲ್ಲಿ ಕೈ ಸವರುತ್ತಾ ಕೂತವನು ಕಣ್ಣ ಮುಂದೆ ಬಂದ. “ಒಂದು ವಾರ ಸಮಯ ಕೊಡವ್ವ,” ಎಂದೆ. ಎಪ್ಪತ್ತೆರಡು ವರ್ಷದ ಮುದುಕಿ, ಒಳ್ಳೆಯದು ಯಾವುದು ಎಂದು ಕೇಳಿದ ತಾಯಿಗೆ ಸಮಯ ಕೊಡು ಎಂದೆ.

ಬೇಡಿಕೆ ದೊಡ್ಡದಲ್ಲ. ಕ್ಷಮಾದಾನ ಕೇಳುತ್ತಿಲ್ಲ. ಕರುಣೆಯನ್ನೂ ಕೇಳುತ್ತಿಲ್ಲ, ಅದನ್ನು ಕೇಳಿ ಕೇಳಿ ಸಾಕಾಗಿದೆ. ಸೋಮವಾರದ ಸಭೆಯ ಪಟ್ಟಿಗೆ ಆ ಮಸೂದೆಯನ್ನು ಸೇರಿಸಿ. ಮಿಸ್ ಪಾಲಿನ್ ಜೋ ಅವರಿಗೆ ಐದು ನಿಮಿಷ ಮಾತಾಡಲು ಬಿಡಿ. ಆಮೇಲೆ ಬೇಕಾದರೆ ವಿರುದ್ಧವಾಗಿಯೇ ಕೈ ಎತ್ತಿ. ಆದರೆ ಕೈ ಎತ್ತಿ, ಹಗಲಲ್ಲಿ, ಎಲ್ಲರ ಕಣ್ಣೆದುರು. ನಮ್ಮವರಿಂದ ನಾವು ಕೇಳುತ್ತಿದ್ದದ್ದೂ ಅಷ್ಟೇ. ಮಸೂದೆ ಒಪ್ಪಿಗೆಯಾದರೆ ನನ್ನ ತಮ್ಮ ಉಳಿದ ದಿನಗಳನ್ನು ನನ್ನ ಮನೆಯ ಮುಂದಿನ ಕೋಣೆಯಲ್ಲಿ ಕಳೆಯುತ್ತಾನೆ. ಮಂಚ ಹಾಕಿ ಇಟ್ಟಿದ್ದೇನೆ. ಮಂಗಳವಾರ ಸುಮ್ಮನೆ ಕಳೆದುಹೋಗಲು ಬಿಟ್ಟರೆ ಮುಂದಿನ ಅಧಿವೇಶನದ ಹೊತ್ತಿಗೆ ಅವನು ಇರುವುದಿಲ್ಲ ಎಂದು ವೈದ್ಯರು ಹೇಳಿದ್ದಾರೆ.

ಆ ತಾಯಿ ಈ ಭಾನುವಾರ ಮತ್ತೆ ಬರುತ್ತಾಳೆ. ಅವಳ ಮಗ ಹಿತ್ತಲ ಕೋಣೆಯಲ್ಲಿ ಒಗೆದ ಅಂಗಿಯನ್ನೂ ಪ್ರಯಾಣದ ಚೀಲವನ್ನೂ ಎರಡನ್ನೂ ಸಿದ್ಧವಾಗಿಟ್ಟುಕೊಂಡು ಕೂತಿದ್ದಾನೆ. ಅವಳಿಗೆ ಏನು ಹೇಳಬೇಕೆಂದು ನನಗೆ ತಿಳಿಯುತ್ತಿಲ್ಲ. ನಮ್ಮಪ್ಪ ಇಲ್ಲ, ತಮ್ಮ ತನ್ನನ್ನು ಕೇಳಬೇಡ ಅಂದ. ಉಳಿದವರು ನೀವೊಬ್ಬರೇ. ದಯವಿಟ್ಟು ಭಾನುವಾರಕ್ಕೆ ಮುಂಚೆ ನನ್ನ ಕೈಸೇರುವಂತೆ ಎರಡು ಸಾಲು ಬೇಗ ಬರೆಯಿರಿ.

ಇಂತಿ,
ತಮ್ಮನ ಎಡಗೈ ಹಿಡಿದು ನಿಮ್ಮ ಮೆಟ್ಟಿಲವರೆಗೆ ತಂದುಬಿಟ್ಟವಳು,
ವರ್ಲೀನ್ ಟಾಲ್ಬರ್ಟ್